ಬಣ್ಣ ತಿರುಗುವ ಹನಿ: ಕುಡಿಯುವ ನೀರಿನ ಪರೀಕ್ಷೆಯಲ್ಲಿ ಸೂಚಕಗಳ ಕೆಲಸ

ಮದುವೆ ಮನೆಯ ಬಾಗಿಲಲ್ಲಿ ಆರತಿ ಎತ್ತುವಾಗ ತಟ್ಟೆಯ ನೀರಿಗೆ ಅರಿಶಿನ ಕದಡಿ, ಅದಕ್ಕೆ ಚಿಟಿಕೆ ಸುಣ್ಣ ಸೇರಿಸಿದೊಡನೆ ಹಳದಿ ನೀರು ಕೆಂಪಾಗುವುದನ್ನು ನೋಡದವರು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಯಾವ ಊರಿನಲ್ಲಿಯೂ ಇರಲಾರರು. ಅಂಗಿಯ ಮೇಲೆ ಬಿದ್ದ ಸಾರಿನ ಕಲೆಗೆ ಸಾಬೂನು ಹಚ್ಚಿದರೆ ಅದು ಕೆಂಪಾಗುವುದೂ ಇದೇ ಕಾರಣದಿಂದ. ಸುಣ್ಣ ಮತ್ತು ಸಾಬೂನು ಕ್ಷಾರ ಪದಾರ್ಥಗಳು. ಅರಿಶಿನವು ಕ್ಷಾರವನ್ನು ಕಂಡಾಗ ಬಣ್ಣ ಬದಲಿಸುವ ವಸ್ತು. ರಸಾಯನಶಾಸ್ತ್ರದಲ್ಲಿ ಇಂತಹ ವಸ್ತುವಿಗೆ ಸೂಚಕ ಎಂದು ಹೆಸರು.

ಈ ಕೆಂಪು ನೀರಿಗೆ ನಿಂಬೆರಸವನ್ನು ಹನಿಹನಿಯಾಗಿ ಹಾಕುತ್ತ ಹೋದರೆ ಮೊದಲ ಕೆಲವು ಹನಿಗಳಿಗೆ ಏನೂ ಆಗದು. ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಹಳದಿ ಮಿಂಚಿ ಮಾಯವಾಗುತ್ತದೆ. ಕೊನೆಗೆ ಯಾವುದೋ ಒಂದು ಹನಿಗೆ ಇಡೀ ನೀರು ಹಳದಿಗೆ ತಿರುಗುತ್ತದೆ. ಅದೇ ಲೋಟದಲ್ಲಿ ಎರಡು ಪಟ್ಟು ತಿಳಿಸುಣ್ಣದ ನೀರು ಇದ್ದಿದ್ದರೆ ನಿಂಬೆರಸವೂ ಎರಡು ಪಟ್ಟು ಬೇಕಾಗುತ್ತಿತ್ತು. ಅಂದರೆ, ಹಾಕಿದ ಹನಿಗಳನ್ನು ಎಣಿಸಿದವರಿಗೆ ಲೋಟದಲ್ಲಿ ಸುಣ್ಣ ಎಷ್ಟಿತ್ತೆಂಬ ಲೆಕ್ಕ ದೊರೆಯಿತು. ಎಣಿಸದವರಿಗೆ ದೊರೆತದ್ದು ಬಣ್ಣ ಮಾತ್ರ. ಅನುಮಾಪನ ಅಥವಾ ಟೈಟ್ರೇಶನ್ ಎಂದು ಪುಸ್ತಕಗಳು ಕರೆಯುವ ವಿಧಾನದ ತಿರುಳು ಇಷ್ಟೇ. ಸಾಮಾನ್ಯ ಸಭೆಯಲ್ಲಿ ಐದು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಎರಡು ಲೋಟಗಳಲ್ಲಿ ಮಾಡಿ ನೋಡಿದರೆ ಮುಂದಿನ ವಿಷಯ ಸುಲಭವಾಗುತ್ತದೆ.

ಈ ವಿಷಯ ಗ್ರಾಮ ಪಂಚಾಯತಿ ಸದಸ್ಯರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜ. ನೀರಿನ ಪರೀಕ್ಷಾ ಕಿಟ್ ಇಂದು ಪಂಚಾಯತಿ ಕಚೇರಿಯ ಕಪಾಟಿನಲ್ಲಿಯೇ ಇದೆ. ಜಲ ಜೀವನ್ ಮಿಷನ್ ಮಾರ್ಗಸೂಚಿಯಂತೆ ಪ್ರತಿ ಗ್ರಾಮದಲ್ಲಿ ಐವರಿಗೆ, ಸಾಧ್ಯವಾದಷ್ಟು ಮಹಿಳೆಯರಿಗೇ, ಇದರ ಬಳಕೆಯ ತರಬೇತಿ ನೀಡಬೇಕಾಗಿದೆ. ಅವರು ಬರೆದುಕೊಟ್ಟ ಫಲಿತಾಂಶವು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಮುಂದೆ ಬರುತ್ತದೆ; ಸದಸ್ಯರು ಸಹಿ ಮಾಡುತ್ತಾರೆ. ಆ ಸಹಿಯ ಆಧಾರದ ಮೇಲೆ ಒಂದು ಕೊಳವೆ ಬಾವಿಯ ನೀರು ಅಂಗನವಾಡಿಗೂ ಶಾಲೆಗೂ ಹರಿಯುತ್ತದೆ ಅಥವಾ ನಿಲ್ಲುತ್ತದೆ. ವಹಿಯ ಕಾಲಮಿನಲ್ಲಿ ‘ಬಣ್ಣ ಬಂದಿದೆ, ನೀರು ಸರಿ ಇದೆ’ ಎಂದಷ್ಟೇ ಬರೆದಿದ್ದರೆ ಅದು ಫಲಿತಾಂಶವಲ್ಲ. ಅನುಮಾಪನದಲ್ಲಿ ಬಣ್ಣ ಎಲ್ಲ ನೀರಿಗೂ ಬರುತ್ತದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಎಷ್ಟನೆಯ ಹನಿಗೆ ಬಂದಿತೆಂಬುದೇ ಉತ್ತರ.

ಗಡಸುತನ: ವೈನ್ ಕೆಂಪಿನಿಂದ ನೀಲಿಗೆ

ಬೇಳೆ ಬೇಯದ, ಸಾಬೂನು ನೊರೆ ಕೊಡದ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇದಕ್ಕೆ ಕಾರಣ. ಕಿಟ್‌ನಲ್ಲಿ ಇದನ್ನು ಅಳೆಯಲು ಮೂರು ಸೀಸೆಗಳಿರುತ್ತವೆ: ಒಂದು ಬಫರ್ ದ್ರಾವಣ, ಒಂದು ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕ, ಮತ್ತೊಂದು ಇಡಿಟಿಎ ದ್ರಾವಣ.

ಇಲ್ಲಿ ನಡೆಯುವುದನ್ನು ಒಂದು ಸಾಮ್ಯದಿಂದ ಹೇಳಬಹುದು. ಸಂತೆಯಲ್ಲಿ ಚಿಕ್ಕ ವ್ಯಾಪಾರಿಯೊಬ್ಬನು ಸ್ವಲ್ಪ ಮಾಲನ್ನು ಹಿಡಿದು ಕುಳಿತಿದ್ದಾನೆ. ದೊಡ್ಡ ವ್ಯಾಪಾರಿ ಬಂದು ಮೊದಲು ಸಂತೆಯಲ್ಲಿ ಬಿಡಿಯಾಗಿ ಬಿದ್ದಿರುವ ಮಾಲನ್ನೆಲ್ಲ ಎತ್ತಿಕೊಳ್ಳುತ್ತಾನೆ. ಅದು ಮುಗಿದ ಮೇಲೆ ಚಿಕ್ಕವನ ಕೈಯಲ್ಲಿರುವುದನ್ನೂ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಾನೆ. ಸೂಚಕವು ಚಿಕ್ಕ ವ್ಯಾಪಾರಿ, ಇಡಿಟಿಎ ದೊಡ್ಡ ವ್ಯಾಪಾರಿ, ಮಾಲು ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸೂಚಕದ ಕೈಯಲ್ಲಿ ಮೆಗ್ನೀಸಿಯಂ ಇರುವವರೆಗೆ ನೀರು ವೈನ್ ಕೆಂಪು. ಕೈ ಬರಿದಾದ ಕ್ಷಣ ನೀಲಿ. ನೀಲಿ ಕಂಡಿತೆಂದರೆ ನೀರಿನಲ್ಲಿದ್ದ ಗಡಸು ಲವಣವೆಲ್ಲ ಇಡಿಟಿಎಯ ವಶವಾಯಿತೆಂದು ಅರ್ಥ. ಈ ಕ್ಷಣಕ್ಕೆ ಅಂತ್ಯಬಿಂದು ಎಂದು ಹೆಸರು.

ಬಫರ್ ದ್ರಾವಣವನ್ನು ಹಲವರು ಅನಗತ್ಯವೆಂದು ಬಿಟ್ಟುಬಿಡುತ್ತಾರೆ. ಅದರಿಂದ ಅಮೋನಿಯಾದ ಘಾಟು ಬರುವುದೂ ಒಂದು ಕಾರಣವಿರಬಹುದು. ಆದರೆ ಈ ಸೂಚಕದ ನೀಲಿ ಮತ್ತು ಕೆಂಪು ಸ್ಪಷ್ಟವಾಗಿ ಬೇರೆಯಾಗಿ ಕಾಣುವುದು ನೀರಿನ ಪಿಎಚ್ ಸುಮಾರು 10 ಇದ್ದಾಗ. ಬಫರ್ ನೀರನ್ನು ಆ ಮಟ್ಟಕ್ಕೆ ತಂದು ಅಲ್ಲಿಯೇ ನಿಲ್ಲಿಸುತ್ತದೆ. ಅದನ್ನು ಬಿಟ್ಟರೆ ಎಷ್ಟು ಹನಿ ಹಾಕಿದರೂ ಅಂತ್ಯಬಿಂದು ಸರಿಯಾಗಿ ಕಾಣದು.

ಲೆಕ್ಕ ಹೀಗೆ. ಪ್ರಯೋಗಾಲಯದಲ್ಲಿ ಬಳಸುವ 0.01 ಮೋಲಾರ್ ಇಡಿಟಿಎ ದ್ರಾವಣದ 1 ಮಿಲಿಲೀಟರ್, 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 50 ಮಿಲಿಲೀಟರ್ ನೀರಿಗೆ 15 ಮಿಲಿಲೀಟರ್ ದ್ರಾವಣ ಖರ್ಚಾದರೆ, 50 ಮಿಲಿಲೀಟರಿನಲ್ಲಿ 15 ಮಿಲಿಗ್ರಾಂ; ಒಂದು ಲೀಟರಿಗೆ 300 ಮಿಲಿಗ್ರಾಂ. ಕಿಟ್‌ನಲ್ಲಿ ಬ್ಯೂರೆಟ್ ಎಂಬ ಗೀಟು ಹಾಕಿದ ಗಾಜಿನ ಕೊಳವೆ ಇರುವುದಿಲ್ಲ, ಹನಿಯೇ ಅಳತೆ. ಒಂದು ಹನಿಗೆ ಎಷ್ಟು ಮಿಲಿಗ್ರಾಂ ಎಂಬ ಗುಣಕವನ್ನು ಆಯಾ ಕಿಟ್‌ನ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಒಂದು ಕಂಪನಿಯ ಗುಣಕ ಇನ್ನೊಂದಕ್ಕೆ ಹೊಂದುವುದಿಲ್ಲ. ಹಳೆಯ ಕಿಟ್‌ನ ಕೈಪಿಡಿಯನ್ನು ಹೊಸ ಕಿಟ್‌ನೊಂದಿಗೆ ಇಟ್ಟು ಬಳಸಿದರೆ ವಹಿಯ ತುಂಬ ತಪ್ಪು ಅಂಕಿಗಳು ಸೇರುತ್ತವೆ.

ಗುಣಕವು ಹನಿಗೆ 25 ಎಂದಿಟ್ಟುಕೊಳ್ಳೋಣ. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲ ಇಲ್ಲದಿದ್ದಾಗ 600ರವರೆಗೆ ಅನುಮತಿ ಇದೆ. ಅಂದರೆ 8 ಹನಿಯ ಒಳಗೆ ಉತ್ತಮ, 24 ಹನಿಯ ಮೇಲೆ ಅನುಮತಿ ಇಲ್ಲ. 23 ಹನಿಗೂ 25 ಹನಿಗೂ ನಡುವೆ ಒಂದು ಊರಿನ ಕೊಳವೆ ಬಾವಿಯ ಭವಿಷ್ಯ ನಿಂತಿದೆ. ಆದುದರಿಂದ ಸೀಸೆಯನ್ನು ನೆಟ್ಟಗೆ ಹಿಡಿಯಬೇಕು. ಓರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಪ್ರತಿ ಹನಿಯ ನಂತರ ನೀರನ್ನು ಅಲುಗಾಡಿಸಬೇಕು. ಕೊಳವೆಯ ಹಿಂದೆ ಬಿಳಿ ಹಾಳೆ ಹಿಡಿದು, ಹಗಲು ಬೆಳಕಿನಲ್ಲಿ ನೋಡಬೇಕು. ಹಳದಿ ಬಲ್ಬಿನ ಕೆಳಗೆ ನೇರಳೆಯನ್ನು ನೀಲಿ ಎಂದು ಭ್ರಮಿಸುವುದು ಸುಲಭ. ಬಣ್ಣ ತಿರುಗಿದ ಮೇಲೆ ‘ಇನ್ನೂ ಚೆನ್ನಾಗಿ ಬರಲಿ’ ಎಂದು ಹಾಕುವ ಎರಡು ಹನಿಗಳು ನೀರಿನಲ್ಲಿಲ್ಲದ 50 ಮಿಲಿಗ್ರಾಂ ಗಡಸುತನವನ್ನು ವಹಿಗೆ ಸೇರಿಸುತ್ತವೆ.

ಪರೀಕ್ಷೆ ಮಾಡುವವರ ಕಣ್ಣಿನ ಬಗೆಗೂ ಒಂದು ಮಾತು. ಕೆಂಪು ಮತ್ತು ಹಸಿರು ಬಣ್ಣಗಳನ್ನು ಬೇರ್ಪಡಿಸಿ ಗುರುತಿಸಲಾಗದ ವರ್ಣಾಂಧತೆ ಹುಟ್ಟಿನಿಂದ ಬರುವಂಥದು. ಪುರುಷರಲ್ಲಿ ಹೆಚ್ಚು, ಮಹಿಳೆಯರಲ್ಲಿ ಬಹಳ ಅಪರೂಪ. ಬಹಳಷ್ಟು ಜನರಿಗೆ ತಮಗೆ ಅದು ಇದೆಯೆಂದೇ ತಿಳಿದಿರುವುದಿಲ್ಲ. ಐವರು ಮಹಿಳೆಯರಿಗೆ ತರಬೇತಿ ನೀಡಬೇಕೆಂಬ ನಿಯಮದ ಉದ್ದೇಶ ಬೇರೆಯೇ ಆಗಿದ್ದರೂ, ಈ ಅನುಕೂಲವೂ ಅದರಲ್ಲಿ ತಾನಾಗಿ ಬಂದಿದೆ. ಸಂಶಯ ಬಂದಾಗ ಇಬ್ಬರು ನೋಡಿ ಹೇಳುವುದು ಒಳ್ಳೆಯದು.

ಇದೇ ಪರೀಕ್ಷೆ ಶುದ್ಧ ಕುಡಿಯುವ ನೀರಿನ ಘಟಕವನ್ನು ಪರಿಶೀಲಿಸಲೂ ಉಪಯುಕ್ತ. ಘಟಕಕ್ಕೆ ಬರುವ ನೀರನ್ನೂ ಹೊರಬರುವ ನೀರನ್ನೂ ಒಂದೇ ದಿನ ಪರೀಕ್ಷಿಸಬೇಕು. ಒಳಬರುವ ನೀರು 20 ಹನಿ, ಹೊರಬರುವ ನೀರು ಒಂದೆರಡು ಹನಿ ಕೇಳಿದರೆ ಪೊರೆ ಕೆಲಸ ಮಾಡುತ್ತಿದೆ. ಎರಡೂ ಹತ್ತಿರ ಹತ್ತಿರ ಇದ್ದರೆ ಜನರು ನಾಣ್ಯ ಹಾಕಿ ಕೊಳವೆ ಬಾವಿಯ ನೀರನ್ನೇ ಒಯ್ಯುತ್ತಿದ್ದಾರೆ. ನಿರ್ವಹಣೆಯ ಗುತ್ತಿಗೆದಾರರ ಬಿಲ್ಲು ಮಂಡನೆಯಾದ ದಿನ ಈ ಎರಡು ಅಂಕಿಗಳನ್ನು ಕೇಳುವ ಅಧಿಕಾರ ಸದಸ್ಯರಿಗೆ ಇದೆ.

ಕ್ಷಾರತೆ: ಬಣ್ಣ ಬಾರದಿರುವುದೂ ಉತ್ತರ

ಕ್ಷಾರತೆಯನ್ನು ಅಳೆಯಲು ಎರಡು ಸೂಚಕಗಳು ಬೇಕು. ಫಿನಾಲ್ಫ್ತಲೀನ್ ಎಂಬುದು ಪಿಎಚ್ ಸುಮಾರು 8.3ರ ಕೆಳಗೆ ಬಣ್ಣರಹಿತ, ಮೇಲೆ ಗುಲಾಬಿ. ಮೀಥೈಲ್ ಆರೆಂಜ್ ಎಂಬುದು ಪಿಎಚ್ 4.4ರ ಮೇಲೆ ಹಳದಿ, 3.1ರ ಕೆಳಗೆ ಕೆಂಪು, ನಡುವೆ ಕಿತ್ತಳೆ. ಇವುಗಳ ಬಣ್ಣ ಬದಲಾಗುವುದಕ್ಕೆ ಕಾರಣ ಸರಳ: ನೀರಿನಲ್ಲಿ ಆಮ್ಲ ಹೆಚ್ಚಾದಾಗ ಸೂಚಕದ ಅಣು ಒಂದು ಹೈಡ್ರೋಜನ್ ಅಯಾನನ್ನು ಹಿಡಿದುಕೊಳ್ಳುತ್ತದೆ, ಆಮ್ಲ ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಹಿಡಿದಾಗ ಅದರ ರಚನೆ ಒಂದು, ಬಿಟ್ಟಾಗ ಇನ್ನೊಂದು. ರಚನೆ ಬದಲಾದರೆ ಅದು ಹೀರುವ ಬೆಳಕೂ ಬದಲಾಗುತ್ತದೆ. ಕಣ್ಣಿಗೆ ಉಳಿದ ಬೆಳಕು ಬಣ್ಣವಾಗಿ ಕಾಣುತ್ತದೆ. ಪ್ರತಿಯೊಂದು ಸೂಚಕವೂ ತನ್ನದೇ ಆದ ಪಿಎಚ್‌ನಲ್ಲಿ ತಿರುಗುತ್ತದೆ. ಎಲ್ಲ ಕೆಲಸಕ್ಕೂ ಒಂದೇ ಸೂಚಕ ಸಾಲದಿರುವುದು ಇದರಿಂದಲೇ.

ಕೊಳವೆ ಬಾವಿಯ ನೀರಿನ ಪಿಎಚ್ ಬಹುಪಾಲು 8.3ರ ಕೆಳಗೆ ಇರುತ್ತದೆ. ಆದಕಾರಣ ಫಿನಾಲ್ಫ್ತಲೀನ್ ಹಾಕಿದಾಗ ಗುಲಾಬಿ ಬಾರದೆ ಇರಬಹುದು. ‘ಔಷಧ ಕೆಟ್ಟಿದೆ’ ಎಂದು ಸೀಸೆಯನ್ನು ಎಸೆಯುವವರಿದ್ದಾರೆ. ಎಸೆಯುವ ಮೊದಲು ಒಂದು ಹನಿಯನ್ನು ಸುಣ್ಣದ ನೀರಿಗೆ ಹಾಕಿ ನೋಡಬೇಕು. ಅಲ್ಲಿ ಗುಲಾಬಿ ಬಂದರೆ ಔಷಧ ಸರಿ ಇದೆ, ಪರೀಕ್ಷೆಯ ನೀರಿನಲ್ಲಿ ಕಾರ್ಬೊನೇಟ್ ಇಲ್ಲ ಎಂದಷ್ಟೇ ಅರ್ಥ. ಆಗ ಸೊನ್ನೆ ಎಂದು ಬರೆದು, ಮೀಥೈಲ್ ಆರೆಂಜ್ ಹಾಕಿ, ಆಮ್ಲದ ಹನಿಗಳನ್ನು ಎಣಿಸುತ್ತ ಹಳದಿ ಕಿತ್ತಳೆಯಾಗುವವರೆಗೆ ಹೋಗಬೇಕು. ದೊರೆಯುವುದು ಬೈಕಾರ್ಬೊನೇಟಿನ ಲೆಕ್ಕ. ಇದರ ಮಿತಿಗಳೂ ಗಡಸುತನದಂತೆಯೇ 200 ಮತ್ತು 600.

ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಕಲ್ಲುಭೂಮಿಯ ಊರುಗಳ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ವಿಷಯ ಇಲ್ಲಿದೆ. ಗಡಸುತನ ಕಡಿಮೆ, ಕ್ಷಾರತೆ ಹೆಚ್ಚು ಇರುವ ನೀರನ್ನು ಜನರು ಬಹಳ ಇಷ್ಟಪಡುತ್ತಾರೆ. ಬೇಳೆ ಬೇಗ ಬೇಯುತ್ತದೆ, ಸಾಬೂನು ನೊರೆಯುತ್ತದೆ, ಬಾಯಿಗೆ ಸಿಹಿ. ಗಡಸುತನದ ಪರೀಕ್ಷೆಯಲ್ಲಿ ಆ ನೀರು ನಾಲ್ಕೈದು ಹನಿಗೇ ನೀಲಿಯಾಗಿ ಉತ್ತೀರ್ಣವಾಗುತ್ತದೆ. ಆದರೆ ಫ್ಲೋರೈಡ್ ಅಡಗಿರುವ ಸಾಧ್ಯತೆ ಇಂತಹ ನೀರಿನಲ್ಲಿಯೇ ಹೆಚ್ಚು. ಕ್ಯಾಲ್ಸಿಯಂ ಹೇರಳವಾಗಿದ್ದರೆ ಅದು ಫ್ಲೋರೈಡನ್ನು ಕಟ್ಟಿ ಕರಗದ ಲವಣವಾಗಿ ಕೆಳಗೆ ಇಳಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಾದ ನೀರಿನಲ್ಲಿ ಬಂಡೆಯ ಫ್ಲೋರೈಡ್ ಕರಗಿ ನೀರಿನಲ್ಲೇ ಉಳಿಯುತ್ತದೆ. ಎರಡು ಅನುಮಾಪನಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಈ ಸಂಶಯ ಹುಟ್ಟುತ್ತದೆ. ಒಂದನ್ನೇ ನೋಡಿದವರು ಊರಿಗೆ ‘ಸಿಹಿ ನೀರಿನ ಬೋರು’ ಸಿಕ್ಕಿತೆಂದು ಸಂತೋಷಪಟ್ಟು ಸಹಿ ಹಾಕುತ್ತಾರೆ.

ಫ್ಲೋರೈಡಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನುಮತಿಯ ಮೇಲ್ಮಿತಿ 1.5. ಅದಕ್ಕೆ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲುಗಳಲ್ಲಿ ಬಿಳಿ ಮತ್ತು ಕಂದು ಮಚ್ಚೆಗಳು ಕಾಣುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಸುಮಾರು ಎಂಟು ವರ್ಷದ ಒಳಗಿನ ವಯಸ್ಸಿನಲ್ಲಿ ಆದ ಹಾನಿ ತಿರುಗಿ ಬಾರದು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ತುಸು ಹೆಚ್ಚುತ್ತದೆ.

ಫ್ಲೋರೈಡ್ ಪರೀಕ್ಷೆಯಲ್ಲಿ ಹನಿ ಎಣಿಸುವುದಿಲ್ಲ, ಬಣ್ಣದ ಪಟ್ಟಿಗೆ ಹೋಲಿಸುತ್ತಾರೆ. ಆದರೆ ಒಳಗಿನ ಕತೆ ಗಡಸುತನದ ಸಂತೆಯದೇ. ಜಿರ್ಕೋನಿಯಂ ಎಂಬ ಲೋಹ ಒಂದು ಬಣ್ಣದೊಂದಿಗೆ ಸೇರಿ ಗುಲಾಬಿಯಾಗಿರುತ್ತದೆ. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಕಿತ್ತುಕೊಂಡಷ್ಟೂ ಗುಲಾಬಿ ಕಳೆದು ಹಳದಿ ಮೂಡುತ್ತದೆ. ಗುಲಾಬಿ ಉಳಿದರೆ ಒಳ್ಳೆಯದು, ಹಳದಿಯಾದರೆ ಕೆಟ್ಟದ್ದು. ಕೆಂಪನ್ನು ಅಪಾಯವೆಂದು ನಂಬಿದ ಕಣ್ಣು ಇದನ್ನು ತಿರುಗಾಮುರುಗಾ ಓದುವ ಸಂಭವವಿದೆ. ಮತ್ತೊಂದು ಎಚ್ಚರಿಕೆ: ಬ್ಲೀಚಿಂಗ್ ಪುಡಿ ಹಾಕಿದ ತೊಟ್ಟಿಯ ನೀರಿನಲ್ಲಿ ಈ ಪರೀಕ್ಷೆ ಮಾಡಬಾರದು. ಕ್ಲೋರಿನ್ ಬಣ್ಣವನ್ನೇ ಸುಡುತ್ತದೆ. ಇಲ್ಲದ ಫ್ಲೋರೈಡ್ ಇದ್ದಂತೆ ಕಾಣಬಹುದು. ಮಾದರಿಯನ್ನು ಕೊಳವೆ ಬಾವಿಯ ಬಾಯಿಯಿಂದಲೇ, ಹತ್ತು ನಿಮಿಷ ಪಂಪು ಓಡಿದ ಮೇಲೆ ಹಿಡಿಯಬೇಕು.

ಕಿಟ್ ಕೈಬಿಡುವ ಜಾಗವೂ ಒಂದಿದೆ. ಹಟ್ಟಿಯಿಂದ ಮಸ್ಕಿಯವರೆಗಿನ ಶಿಲಾಪಟ್ಟಿ ಬಂಗಾರಕ್ಕೆ ಹೆಸರಾದದ್ದು. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೆಳಕಿಗೆ ಬಂದುದೂ ಬೀಡನ್ ಎಂಬ ಗಣಿ ಎಂಜಿನಿಯರ್ ಅವರಿಂದಲೇ. ಆ ಬಂಗಾರದ ಅದಿರಿನ ಜೊತೆಯಲ್ಲಿ ಆರ್ಸೆನಿಕ್ ಇರುವ ಖನಿಜವೂ ಇದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ ಗಡಸುತನದ ಮಿತಿಯ ಇಪ್ಪತ್ತು ಸಾವಿರದ ಒಂದು ಪಾಲು. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಹನಿ ಎಣಿಸಿ ಹಿಡಿಯಲಾಗದು. ಈ ಪಟ್ಟಿಯ ಊರುಗಳಲ್ಲಿ ಹೊಸ ಕೊಳವೆ ಬಾವಿಯ ನೀರನ್ನು ಕುಡಿಯಲು ಬಿಡುವ ಮೊದಲು ಪ್ರಯೋಗಾಲಯದ ವರದಿ ತರಿಸಲೇಬೇಕು. ಉಳಿದೆಲ್ಲ ಪರೀಕ್ಷೆಗಳಲ್ಲಿ ನೀರು ಗೆದ್ದಿದ್ದರೂ ಸಹ.

ಸಿಂಧನೂರಿನ ಕಡೆ: ಉಪ್ಪು ಮತ್ತು ಕಾಲುವೆ

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಪ್ರಶ್ನೆ ಬೇರೆ. ದಶಕಗಳಿಂದ ಭತ್ತಕ್ಕೆ ನೀರು ನಿಲ್ಲಿಸಿದ ಕಪ್ಪು ಭೂಮಿಯಲ್ಲಿ ಸವಳು ಏರಿದೆ. ಮೇಲ್ಮಟ್ಟದ ಅಂತರ್ಜಲ ಹಲವೆಡೆ ಉಪ್ಪು. ಇಲ್ಲಿ ಮುಖ್ಯವಾದುದು ಕ್ಲೋರೈಡ್ ಪರೀಕ್ಷೆ. ನೀರಿಗೆ ಪೊಟ್ಯಾಸಿಯಂ ಕ್ರೋಮೇಟ್ ಹಾಕಿ ಹಳದಿ ಮಾಡಿ, ಬೆಳ್ಳಿಯ ನೈಟ್ರೇಟನ್ನು ಹನಿಸುತ್ತಾರೆ. ಬೆಳ್ಳಿಯು ಮೊದಲು ಕ್ಲೋರೈಡಿನೊಂದಿಗೆ ಸೇರಿ ಬಿಳಿ ಗಸಿಯಾಗುತ್ತದೆ. ಕ್ಲೋರೈಡ್ ಮುಗಿದ ಮೇಲೆ ಬರುವ ಹನಿ ಕ್ರೋಮೇಟನ್ನು ಹಿಡಿದು ಇಟ್ಟಿಗೆ ಕೆಂಪಾಗುತ್ತದೆ. ಮಿತಿ 250, ಬೇರೆ ಮೂಲ ಇಲ್ಲದಿದ್ದರೆ 1000. ಬೆಳ್ಳಿಯ ನೈಟ್ರೇಟ್ ಬೆಳಕಿಗೆ ಕೆಡುತ್ತದೆ, ಕೈಗೆ ತಗುಲಿದರೆ ಕಪ್ಪು ಕಲೆ, ಕ್ರೋಮೇಟ್ ವಿಷ. ಪರೀಕ್ಷೆ ಮುಗಿದ ನೀರನ್ನು ಬಾವಿಯ ಕಟ್ಟೆಯ ಬಳಿ ಚೆಲ್ಲುವುದನ್ನು ನಿಲ್ಲಿಸಬೇಕು.

ಕ್ಲೋರೈಡಿನ ಅಂಕಿಯನ್ನು ಹಿಂದಿನ ತಿಂಗಳುಗಳ ಅಂಕಿಯೊಂದಿಗೆ ಓದುವುದು ಹೆಚ್ಚು ಲಾಭ. ಅದೇ ಬಾವಿಯಲ್ಲಿ ಒಮ್ಮೆಲೇ ಏರಿದರೆ ಸಮೀಪದ ಚರಂಡಿ ಅಥವಾ ಶೌಚಗುಂಡಿಯ ನೀರು ಸೇರುತ್ತಿರಬಹುದು. ಅಂತಹ ಸಂದರ್ಭದಲ್ಲಿ ನೈಟ್ರೇಟ್ ಪರೀಕ್ಷೆ ಮತ್ತು ಬ್ಯಾಕ್ಟೀರಿಯಾ ಸೀಸೆಯ ಪರೀಕ್ಷೆಯನ್ನೂ ಕೂಡಲೇ ಮಾಡಿಸಬೇಕು.

ಕಾಲುವೆಯಿಂದ ಕೆರೆ ತುಂಬಿಸಿ ಕುಡಿಯುವ ಊರುಗಳಲ್ಲಿ ಉಪ್ಪು, ಗಡಸು ಎರಡೂ ಕಡಿಮೆ. ಅಲ್ಲಿನ ಶತ್ರು ರೋಗಾಣು, ಅಲ್ಲಿನ ಆಯುಧ ಕ್ಲೋರಿನ್. ಬ್ಲೀಚಿಂಗ್ ಪುಡಿಯಲ್ಲಿ ತಾಜಾ ಇದ್ದಾಗ ಸುಮಾರು ಶೇ. 33ರಷ್ಟು ಕ್ಲೋರಿನ್ ದೊರೆಯುತ್ತದೆ. 50,000 ಲೀಟರಿನ ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 100 ಗ್ರಾಂ ಕ್ಲೋರಿನ್, ಅಂದರೆ ಸುಮಾರು 300 ಗ್ರಾಂ ಪುಡಿ. ಆದರೆ ಬಾಯಿ ಬಿಚ್ಚಿದ ಚೀಲವು ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಪಂಪ್‌ಹೌಸಿನ ಮೂಲೆಯಲ್ಲಿ ಬಿದ್ದಿದ್ದು ಶೇ. 20ಕ್ಕೆ ಇಳಿದಿದ್ದರೆ 500 ಗ್ರಾಂ ಬೇಕು. ನೀರುಗಂಟಿ ತನ್ನ ಎಂದಿನ ಅಳತೆಯ ಡಬ್ಬಿಯಿಂದ ಹಾಕಿಯೇ ಇರುತ್ತಾನೆ, ಆತನದು ತಪ್ಪಲ್ಲ. ಪುಡಿಯ ಬಲವನ್ನು ಅಳೆಯುವ ವಿಧಾನವೂ ಒಂದು ಅನುಮಾಪನವೇ. ಪುಡಿಯ ಕ್ಲೋರಿನ್ ಅಯೋಡಿನ್ನನ್ನು ಬಿಡುಗಡೆ ಮಾಡುತ್ತದೆ, ಗಂಜಿ ಸೇರಿದರೆ ಅದು ಕಡುನೀಲಿ, ಥಯೋಸಲ್ಫೇಟ್ ಹನಿಗಳು ಅಯೋಡಿನ್ನನ್ನು ಮುಗಿಸಿದಾಗ ನೀಲಿ ಪೂರ್ತಿ ಮಾಯ. ಇದನ್ನು ಪ್ರಯೋಗಾಲಯದಲ್ಲಿ ಮಾಡಿಸಬಹುದು. ಹೊಸ ದಾಸ್ತಾನು ಬಂದಾಗಲೊಮ್ಮೆ ಮಾಡಿಸಿದರೆ ಸಾಕು.

ಊರಿನಲ್ಲಿ ದಿನವೂ ನೋಡಬೇಕಾದುದು ಉಳಿಕೆ ಕ್ಲೋರಿನ್. ತೊಟ್ಟಿಯ ಕೆಳಗಿನ ನಲ್ಲಿಯಲ್ಲಿ ನೋಡಿದರೆ ಸಾಲದು. ಕೊಳವೆಯ ತುದಿಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕೆಲವು ಕಿಟ್‌ಗಳಲ್ಲಿ ಆರ್ಥೊಟಾಲಿಡಿನ್ ಹಾಕಿದರೆ ಹಳದಿ, ಇನ್ನು ಕೆಲವುಗಳಲ್ಲಿ ಡಿಪಿಡಿ ಹಾಕಿದರೆ ಗುಲಾಬಿ ಬರುತ್ತದೆ. ಆರ್ಥೊಟಾಲಿಡಿನ್ ಆರೋಗ್ಯಕ್ಕೆ ಹಾನಿಕರ. ಕೈಗೆ ತಗುಲದಂತೆ ಬಳಸಬೇಕು. ಡಿಪಿಡಿಯಲ್ಲಿ ವಿಚಿತ್ರವಾದ ಒಂದು ಮೋಸವಿದೆ: ಕ್ಲೋರಿನ್ ಅತಿಯಾದಾಗ ಅದು ತಾನೇ ಮೂಡಿಸಿದ ಗುಲಾಬಿಯನ್ನು ಅಳಿಸಿಹಾಕಿ, ನೀರಿನಲ್ಲಿ ಕ್ಲೋರಿನ್ ಇಲ್ಲವೆಂಬಂತೆ ತೋರಿಸುತ್ತದೆ. ನೀರಿಗೆ ಕ್ಲೋರಿನ್ನಿನ ಘಾಟು ಇದ್ದು ಬಣ್ಣ ಬಾರದಿದ್ದರೆ ಮತ್ತಷ್ಟು ಪುಡಿ ಹಾಕುವ ಬದಲು, ಮಾದರಿಗೆ ನಾಲ್ಕು ಪಟ್ಟು ಕ್ಲೋರಿನ್ ಇಲ್ಲದ ಶುದ್ಧ ನೀರು ಬೆರೆಸಿ ಮತ್ತೊಮ್ಮೆ ಪರೀಕ್ಷಿಸಿ, ಬಂದ ಅಂಕಿಯನ್ನು 5ರಿಂದ ಗುಣಿಸಬೇಕು.

ಸಹಿ ಮಾಡುವ ಮೊದಲು

ಫಲಿತಾಂಶದ ವಹಿಯಲ್ಲಿ ಮಾದರಿ ಹಿಡಿದ ಜಾಗ, ದಿನಾಂಕ, ಹನಿಗಳ ಸಂಖ್ಯೆ, ಕೈಪಿಡಿಯ ಗುಣಕ, ಗುಣಿಸಿ ಬಂದ ಅಂಕಿ, ಔಷಧ ಸೀಸೆಯ ಅವಧಿ ಮುಗಿಯುವ ತಿಂಗಳು ಮತ್ತು ಪರೀಕ್ಷಿಸಿದವರ ಹೆಸರು ಇರಬೇಕು. ಹನಿಗಳ ಸಂಖ್ಯೆಯ ಕಾಲಮ್ ಇಲ್ಲದ ಮುದ್ರಿತ ವಹಿಗಳಲ್ಲಿ ಕೈಯಿಂದ ಗೀಟು ಎಳೆದು ಸೇರಿಸಬಹುದು. ಅದಕ್ಕೆ ಯಾರ ಅನುಮೋದನೆಯೂ ಬೇಕಿಲ್ಲ. ಹತ್ತು ಬೇರೆ ಬೇರೆ ಬಾವಿಗಳ ಮುಂದೆ ಒಂದೇ ಅಂಕಿ ಸಾಲಾಗಿ ಕಂಡರೆ ಆ ಪುಟಕ್ಕೆ ಸಹಿ ಮಾಡದೆ, ಪರೀಕ್ಷಿಸಿದವರನ್ನು ಕರೆಸಿ, ಅವುಗಳಲ್ಲಿ ಎರಡು ಬಾವಿಗಳ ನೀರನ್ನು ಸಭೆಯ ಎದುರಿನಲ್ಲಿಯೇ ಮತ್ತೆ ಪರೀಕ್ಷಿಸುವಂತೆ ಕೇಳಬೇಕು. ಎರಡು ಬಾವಿಗೂ ಕೂಡಿ ಅರ್ಧ ಗಂಟೆ ಸಾಕಾಗುತ್ತದೆ. ಅವಧಿ ಮೀರಿದ ಸೀಸೆಗಳನ್ನು ಆ ದಿನವೇ ಪ್ರತ್ಯೇಕಿಸಿ, ಹೊಸದಕ್ಕೆ ಬೇಡಿಕೆ ಬರೆಸಬೇಕು. ಕಿಟ್ ಅನ್ನು ಬಿಸಿಲು ಬೀಳುವ ಕಿಟಕಿಯ ಬಳಿಯ ಕಪಾಟಿನಿಂದ ಒಳಗೋಡೆಯ ಕಪಾಟಿಗೆ ಸ್ಥಳಾಂತರಿಸುವ ಕೆಲಸವನ್ನು ಮಾರ್ಚ್ ತಿಂಗಳಿಗೆ ಮೊದಲು ಮುಗಿಸತಕ್ಕದ್ದು.